ತಾನಾಗಿ ಏಳುವ ಮೇಜು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಪಂಪು ತಯಾರಿಸುವ ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ ಒಂದೇ ದೀಪ. ಅದರ ಕೆಳಗೆ ರಿಪೇರಿ ಫಿಟ್ಟರ್ ಮಂಡಿಯೂರಿ, ಕಬ್ಬಿಣದ ಮೇಜೊಂದರ ಕೀಲುಗಳಿಗೆ ಗ್ರೀಸ್ ಹಚ್ಚುತ್ತಿದ್ದಾರೆ. ತುಂಬಿದ ಕ್ರೇಟ್ ಇಟ್ಟರೆ ಮೇಜು ಭಾರಕ್ಕೆ ಕೆಳಗಿಳಿಯುತ್ತದೆ. ಒಂದೊಂದೇ ತುಂಡು ತೆಗೆದಂತೆ ತಾನಾಗಿ ಮೇಲೇಳುತ್ತದೆ. ಬಗ್ಗುವ ಮಾತೇ ಇಲ್ಲ. ಕರೆಂಟೂ ಬೇಡ. ಗುಜರಿ ಸ್ಕೂಟರುಗಳ ಸ್ಪ್ರಿಂಗು, ಮುರಿದ ಗೇಟಿನ ಪಟ್ಟಿಗಳು, ಏಳು ತಿಂಗಳ ಊಟದ ವಿರಾಮಗಳು: ಇಷ್ಟರಲ್ಲೇ ಇದು ಆಗಿದೆ.

ಐವತ್ತಮೂರು ವರ್ಷದ ಇವರನ್ನು ಶೆಡ್ಡಿನವರೆಲ್ಲ ಕರೆಯುವುದು ‘ಡಾಕ್ಟರ್’ ಎಂದೇ. "ಮಿಷಿನ್‌ಗೆಲ್ಲ ಡಾಕ್ಟರು. ಮನೆ ಫ್ಯಾನು ಮಾತ್ರ ಎರಡು ವರ್ಷದಿಂದ ಐಸಿಯುನಲ್ಲಿದೆ" ಎನ್ನುತ್ತಾರೆ ಹೆಂಡತಿ.

ಮೇಜು ಹುಟ್ಟಿದ್ದು ತಂಗಿಗಾಗಿ. ಆಕೆ ಹದಿನಾಲ್ಕು ವರ್ಷ ಇದೇ ಶೆಡ್ಡಿನಲ್ಲಿ ಪಂಪಿನ ಮೈಗೆ ತೂತು ಕೊರೆದವರು. ನೆಲದ ಮೇಲಿನ ಕ್ರೇಟಿನಿಂದ ಎಂಟು ಕಿಲೋ ಕಬ್ಬಿಣ ಎತ್ತುವುದು, ಡ್ರಿಲ್ಲಿಗೆ ಕೂರಿಸುವುದು, ದಿನಕ್ಕೆ ಆರುನೂರು ಸಲ. ಸಾಲಿನಲ್ಲಿದ್ದ ಹನ್ನೊಂದು ಹೆಂಗಸರದ್ದೂ ಅದೇ ಲೆಕ್ಕ. "ಒಂದಿನ ಅವಳ ಮನೆಗೆ ಹೋದೆ. ಮಗಳು ಅವಳ ತಲೆ ಬಾಚ್ತಿದ್ಳು. ಯಾಕೇ, ನಿನಗೇನು ಕೈ ಇಲ್ವಾ ಅಂತ ತಮಾಷೆ ಮಾಡ್ದೆ. ಮೇಲಕ್ಕೆ ಬರಲ್ಲ ಕಣೋ ಅಂದ್ಳು. ಆಮೇಲೆ ನನಗೆ ಸುಮ್ಮನೆ ಕೂರೋಕಾಗ್ಲಿಲ್ಲ."

ಒಂದಾದ ಮೇಲೊಂದರಂತೆ ಎಲ್ಲರ ಮುಂದೂ ಇಂಥ ಮೇಜು ಬರುತ್ತದೆ. ತಿಂಗಳೊಪ್ಪತ್ತಿನಲ್ಲಿ ಭುಜದ ನೋವಿನ ಮಾತೇ ಕಡಿಮೆಯಾಗುತ್ತದೆ. ಮಾಲೀಕರು ಬಂದು ಬೆನ್ನು ತಟ್ಟುತ್ತಾರೆ. ಅವರ ಹಿಂದೆಯೇ ಸೂಪರ್‌ವೈಸರ್ ಗಡಿಯಾರ ಹಿಡಿದು ಬಂದು, ಎರಡು ದಿನ ಅಲ್ಲೇ ನಿಂತು ಬರೆದುಕೊಳ್ಳುತ್ತಾರೆ. ಆರುನೂರು ಇದ್ದದ್ದು ಸಾವಿರದ ನೂರಾಗುತ್ತದೆ. ಹನ್ನೊಂದು ಜನರ ಕೆಲಸಕ್ಕೆ ಆರು ಜನ ಸಾಕು ಎಂದಾಗುತ್ತದೆ. ಮನೆಗೆ ಹೋದ ಐವರಲ್ಲಿ ತಂಗಿಯೂ ಒಬ್ಬರು.

"ಅಣ್ಣನ ಮೇಲೆ ಸಿಟ್ಟಿಲ್ಲ" ಎನ್ನುತ್ತಾರೆ ಆಕೆ, ಬಾಗಿಲಲ್ಲೇ ನಿಂತು. "ಕೈ ಈಗ ಚೆನ್ನಾಗಿ ಮೇಲಕ್ಕೆ ಬರುತ್ತೆ. ಕೆಲಸ ಇಲ್ದೆ ಕೂತ್ರೆ ಎಂಥ ಕೈಯಾದ್ರೂ ವಾಸಿ ಆಗುತ್ತೆ, ಅಲ್ವಾ?" ಅಣ್ಣ ಬಂದರೆ ಕಾಫಿ ಕೊಡುತ್ತಾರೆ. ಎದುರಿಗೆ ಕೂರುವುದಿಲ್ಲ.

ಉಳಿದ ಆರು ಜನರದ್ದು ಬೇರೆ ಕಥೆ. ಡ್ರಿಲ್ಲಿನ ಹಿಡಿಯನ್ನು ಈಗ ಸಾವಿರದ ನೂರು ಸಲ ಎಳೆಯಬೇಕು. ಆರರಲ್ಲಿ ನಾಲ್ವರ ಮಣಿಕಟ್ಟಿಗೆ ಬಟ್ಟೆ ಸುತ್ತಿದೆ. ನೋವು ಭುಜದಿಂದ ಇಳಿದು ಮಣಿಕಟ್ಟಿಗೆ ಬಂದು ಕೂತಿದೆ.

ಪಕ್ಕದ ಶೆಡ್ಡಿಗೂ ಇವೇ ಮೇಜುಗಳು ಬೇಕೆಂದು ಮಾಲೀಕರು ಹೇಳಿ ಮೂರು ತಿಂಗಳಾಗಿದೆ. ಅಲ್ಲಿ ಒಂಬತ್ತು ಜನ ಹೆಂಗಸರಿದ್ದಾರೆ. ಮಾಲೀಕರು ಕೇಳಿದಾಗಲೆಲ್ಲ ಡಾಕ್ಟರ್, ಸ್ಪ್ರಿಂಗ್ ಸಿಕ್ಕಿಲ್ಲ ಎನ್ನುತ್ತಾರೆ. ಸ್ಪ್ರಿಂಗುಗಳು ಅವರ ಮನೆಯ ಮಂಚದ ಕೆಳಗಿವೆ.

"ಆ ಒಂಬತ್ತರಲ್ಲಿ ಒಬ್ಬರು ಬಂದು, ದಮ್ಮಯ್ಯ, ಮೇಜು ಮಾಡ್ಬೇಡಿ ಅಣ್ಣ, ಮೊದಲು ಹೋಗೋದು ನಾನೇ ಅಂದ್ರು. ಮಾರನೇ ದಿನ ಇನ್ನೊಬ್ಬರು ಬಂದ್ರು. ಬೇಗ ಮಾಡಿ, ನನ್ನ ಕೈಲಿ ಆಗ್ತಿಲ್ಲ ಅಂತ ಅತ್ತರು. ಮಾಲೀಕರಿಗೆ ಸುಳ್ಳು ಹೇಳೋದು ಕಷ್ಟ ಆಗ್ಲಿಲ್ಲ ನನಗೆ. ಅಳ್ತಾ ನಿಂತಿದ್ದವರಿಗೂ ಅದೇ ಸುಳ್ಳು ಹೇಳ್ದೆ."

ನಿಮಗೇನು ಬೇಕು ಎಂದು ಕೇಳಿದರೆ, ಬಟ್ಟೆಯಲ್ಲಿ ಬೆರಳು ಒಂದೊಂದೇ ಒರೆಸಿಕೊಳ್ಳುತ್ತಾರೆ.

"ಒಂಬತ್ತು ಜನರ ನೋವೂ ಹೋಗ್ಬೇಕು, ಒಂಬತ್ತು ಜನಾನೂ ಉಳೀಬೇಕು. ಅಷ್ಟೇ. ಮೊದಲನೇದು ನನಗೆ ಬರುತ್ತೆ. ಎರಡನೇದು ಫಿಟ್ಟರ್ ಕೈಲಿ ಆಗೋ ಕೆಲಸ ಅಲ್ಲ."