ಅವ್ವನ ಹೊಲದ ಎಲ್ಲೆ

ನಮ್ಮವ್ವನ ಹೆಸರಿನಲ್ಲಿ ಒಂದು ಗುಂಟೆ ನೆಲವೂ ಇಲ್ಲ. ಆದರೂ ಅವಳು ಬಾಯಿತುಂಬ ‘ನನ್ನ ಹೊಲ’ ಅನ್ನುವ ಜಾಗವೊಂದು ಪುಣೆ ಹತ್ತಿರದ ದೌಂಡದಲ್ಲಿತ್ತು, ರೈಲು ಹಳಿಯ ಬದಿಗೆ. ಅಪ್ಪ ಆಗ ಹಳಿ ಕೆಲಸದ ಗ್ಯಾಂಗಿನಲ್ಲಿ ಕೂಲಿ. ಕಲಬುರಗಿ ಕಡೆಯಿಂದ ಬಂದ ಕೆಲವು ಕುಟುಂಬಗಳು ಅಲ್ಲಿಯೇ ತಗಡಿನ ಶೆಡ್ಡು ಹಾಕಿಕೊಂಡಿದ್ದವು. ನಮ್ಮ ಶೆಡ್ಡಿನ ಹಿಂದೆ, ಮಳೆನೀರು ಹಳಿಯಡಿ ಹಾದುಹೋಗಲೆಂದು ಕಟ್ಟಿದ ಮೋರಿಗೆ ಹತ್ತಿಕೊಂಡು, ಯಾರೂ ತಮ್ಮದೆನ್ನದ ಕರಿನೆಲದ ಪಟ್ಟಿಯೊಂದು ಬಿದ್ದಿತ್ತು. ಅವ್ವ ಅದನ್ನು ಅಗೆದು ಜೋಳ ಹಾಕಿದಳು. ಅಂಚಿಗೆ ಅವರೆ, ಮೂಲೆಗೆ ಬದನೆ. ಗ್ಯಾಂಗಿನ ಮುಕಾದಮ ನೋಡಿಯೂ ನೋಡದವನಂತೆ ಇದ್ದ. ಅವನ ಮನೆಗೂ ಬದನೆಕಾಯಿ ಹೋಗುತ್ತಿತ್ತು.

ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಸಜ್ಜೆ ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಎಲ್ಲವನ್ನೂ ಕಲಸಿ ಬುಟ್ಟಿಯಲ್ಲಿಟ್ಟುಕೊಂಡು, ಹೊಲದ ಎಲ್ಲೆಗುಂಟ ಒಂದು ಸುತ್ತು ನಡೆದು, ಭೂತಾಯಿಗೆ ಉಣಿಸುವುದು. ಮುಂದೆ ಚೆಲ್ಲುತ್ತ ಹೋಗುವವರು ‘ಹುಲ್ಲುಲ್ಲಿಗೋ’ ಎಂದು ಕೂಗಿದರೆ, ಹಿಂದೆ ನೀರು ಚಿಮುಕಿಸುತ್ತ ಬರುವವರು ‘ಸಲಾಂಬ್ರಿಗೋ’ ಎಂದು ಓಗೊಡಬೇಕು. ದೌಂಡದ ಆ ಪಟ್ಟಿಯನ್ನು ಅವ್ವ ಹೀಗೆ ಸುತ್ತುತ್ತಿದ್ದಳಂತೆ. ಹಿಂದೆ ತಂಬಿಗೆ ಹಿಡಿದು ಅಪ್ಪ. ನಾನು ಸೀರೆ ಕಟ್ಟಿದ ಜೋಳಿಗೆಯಲ್ಲಿ. ಆಮೇಲೆ ಅಲ್ಲಿ ಹೊಸ ಹಳಿ ಬಂತು, ಶೆಡ್ಡು ಎತ್ತಿದರು. ಅಪ್ಪ ಪುಣೆಯ ಭೋಸರಿಯಲ್ಲಿ ತಗಡಿನ ಪತ್ರಾ ಒತ್ತುವ ಕಾರ್ಖಾನೆ ಸೇರಿದ. ಅಂದಿನಿಂದ ಅವ್ವನ ಚರಗ ಕಿಟಕಿಯ ಡಬ್ಬದೊಳಗಿನ ತುಳಸಿಗೆ.

ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೇ ಮೊದಲು. ಪದವಿ, ಅದರ ಮೇಲಿನ ಪದವಿ, ಈಗ ಸಂಶೋಧನೆ. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ, ಯಾಕೆಂದರೆ ಪುಕ್ಕಟೆ ಬಂದದ್ದಲ್ಲ. ಭೂಗೋಳ ತೆಗೆದುಕೊಂಡೆ ಎಂದಾಗ ಸೋದರಮಾವ ನಕ್ಕಿದ್ದ: “ಭೂಮಿ ಇಲ್ಲದಾಕಿ ಭೂಗೋಳ ಓದ್ತಾಳಂತ! ಮುಂದ ಏನು, ಆಕಾಶ ಉಳತೀ ಏನವಾ?” ಅಪ್ಪ ಮಾತ್ರ, “ಓದಲಿ ಬಿಡೋ, ನಿನ್ನ ಗಂಟೇನ ಹೋತು?” ಎಂದಿದ್ದ.

ನನ್ನ ಕೆಲಸವನ್ನು ಮನೆಯವರಿಗೆ ತಿಳಿಸುವುದು ಕಷ್ಟ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುತ್ತೇನೆ ಎಂದರೆ ತಪ್ಪಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ. ನಕ್ಷೆ ಮಾಡುವುದಕ್ಕೂ ಮೊದಲಿನ ಪ್ರಶ್ನೆಗಳು ನನ್ನವು. ಒಂದು ಜಾಗವೆಂದರೆ ಏನು? ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ? ಕಂಪ್ಯೂಟರಿಗೆ ಎಲ್ಲದಕ್ಕೂ ಗೆರೆ ಬೇಕು. ಗೆರೆಯ ಒಳಗಿದ್ದರೆ ಹೌದು, ಹೊರಗಿದ್ದರೆ ಅಲ್ಲ. ಆದರೆ ಪುಣೆಯ ಖಡಕಿ ಎಲ್ಲಿ ಮುಗಿಯುತ್ತದೆ ಎಂದು ಅಲ್ಲಿಯವರನ್ನೇ ಕೇಳಿ ನೋಡಿ. ಒಬ್ಬರು ರೈಲ್ವೆ ಗೇಟು ಅನ್ನುತ್ತಾರೆ, ಇನ್ನೊಬ್ಬರು ಸೇತುವೆ, ಮತ್ತೊಬ್ಬರು ತಾವು ತರಕಾರಿ ಕೊಳ್ಳುವ ಓಣಿ. ಯಾರೂ ಸುಳ್ಳು ಹೇಳುವುದಿಲ್ಲ. ಈ ಮಸುಕು ಅಂಚುಗಳನ್ನು ಲೆಕ್ಕಕ್ಕೆ ಹೇಗೆ ತರುವುದು ಎಂದು ನಾನು ಅಧ್ಯಾಯಗಟ್ಟಲೆ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ದೌಂಡದ ಮಾತು ಹೆಚ್ಚು ತೆಗೆಯತೊಡಗಿದಳು. ಆ ವರ್ಷ ಅವಳ ಮೊಣಕಾಲು ಕೈಕೊಡುತ್ತಿತ್ತು. ಒಂದು ಸಂಜೆ ರೊಟ್ಟಿ ಬಡಿಯುತ್ತಲೇ ಕೇಳಿದಳು: “ಜಗತ್ತಿಂದೆಲ್ಲಾ ನಕಾಶಿ ತೆಗೀತಿ. ನನ್ನ ಹೊಲ ಎಲ್ಲಿ ಅದ, ಹುಡುಕಿ ಕೊಡಲ್ಲ?”

“ಅವ್ವ, ಅದು ಹೊಲ ಅಲ್ಲ ಬೇ, ರೈಲ್ವೆ ಜಾಗಾ.”

“ಯಾರದರೆ ಇರಲಿ. ಒಂದ್ಸಲ ಚರಗ ಚೆಲ್ಲಿ ಬರ್ತೀನಿ. ಕಾಲ ಪೂರಾ ಹೋದ ಮ್ಯಾಲೆ ನೀ ಹೊತ್ಕೊಂಡ ಹೋಗ್ತಿ ಏನ?”

ಹುಡುಕಿದೆ. ಆ ಕಾಲದಲ್ಲಿ ವಿಮಾನದಿಂದ ತೆಗೆದ ಕಪ್ಪುಬಿಳುಪು ಚಿತ್ರವೊಂದು ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಸಿಕ್ಕಿತು. ಅದನ್ನು ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಅವ್ವ ಕನ್ನಡಕ ಹಾಕಿಕೊಂಡು ಬಗ್ಗಿದಳು. ಹಳಿ ಗೆರೆಯಾಗಿ ಕಂಡಿತು, ಮೋರಿ ಚುಕ್ಕೆಯಾಗಿ, ಅದರ ಪಕ್ಕದಲ್ಲಿ ಉಗುರಿನಷ್ಟು ಗಾಢ ಬೂದುಬಣ್ಣ. “ಇದ ನೋಡು!” ಎಂದಳು. ಎಲ್ಲೆ ತೋರಿಸು ಎಂದರೆ ಅವಳ ಬೆರಳು ಶೆಡ್ಡುಗಳ ಸಾಲನ್ನೂ ಆಚೆಯ ಬಾವಿಯನ್ನೂ ಒಳಗೆ ತೆಗೆದುಕೊಂಡು ಸುತ್ತಿತು.

“ಇಷ್ಟ ದೊಡ್ಡದಿತ್ತೇನು?”

“ನಿನಗೇನ ಗೊತ್ತ? ನೀ ಜೋಳಿಗ್ಯಾಗ ಹೇಲಕೋತ ಬಿದ್ದಿದ್ದಿ.”

ಚಿತ್ರವನ್ನು ಹಳೆಯ ಸರ್ವೆ ನಕ್ಷೆಯ ಮೇಲೆ ಕೂರಿಸಿ, ಮೋರಿ, ಬಾವಿ, ನೀರಿನ ಟ್ಯಾಂಕು ಎರಡರಲ್ಲೂ ಒಂದಕ್ಕೊಂದು ಹೊಂದುವಂತೆ ಮಾಡಿ, ಆ ಬೂದು ಪಟ್ಟಿಯ ಅಕ್ಷಾಂಶ ರೇಖಾಂಶಗಳನ್ನು ತೆಗೆದೆ. ಅವ್ವ ಹಿಂದೆ ನಿಂತು “ಸಿಕ್ತಾ? ಸಿಕ್ತಾ?” ಅನ್ನುತ್ತಲೇ ಇದ್ದಳು. ಆ ಅಂಕಿಗಳನ್ನೇ ಮೊಬೈಲಿಗೆ ಹಾಕಿದೆ.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಪುಣೆ ಸ್ಟೇಶನ್ನಿನಿಂದ ದೌಂಡದ ಗಾಡಿ ಹಿಡಿದೆವು. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಬುಟ್ಟಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ; ಎದುರಿನವರು ಮೇಲಿಡಿ ಎಂದರೂ ಇಲ್ಲ. ದೌಂಡದಲ್ಲಿ ರಿಕ್ಷಾ ಮಾಡಿಕೊಂಡು, ಆಮೇಲೆ ಕಬ್ಬಿನ ಗದ್ದೆಗಳ ನಡುವಿನ ಕಾಲುದಾರಿಯಲ್ಲಿ ಮೊಬೈಲು ಹೇಳಿದಂತೆ ನಡೆದೆವು. ನೀಲಿ ಚುಕ್ಕೆ ಹೋಗಿ ಗುರುತಿನ ಮೇಲೆ ನಿಂತಿತು. ಅಲ್ಲಿ ಈರುಳ್ಳಿ ನೆಟ್ಟ ಕರಿನೆಲ. ದೂರದಲ್ಲಿ ಹಳಿ ಕಾಣುತ್ತಿತ್ತು.

ಅವ್ವ ಚಪ್ಪಲಿ ಬಿಟ್ಟಳು. ಮಣ್ಣು ಹಿಡಿದು ಹಿಸುಕಿದಳು. “ಇದss,” ಎಂದಳು, ಸಣ್ಣ ದನಿಯಲ್ಲಿ. “ಇದss ನೋಡು.” ಅವಳ ಮುಖ ನಾನು ಆವರೆಗೆ ನೋಡಿರದಷ್ಟು ಸಡಿಲವಾಗಿತ್ತು. ತಂಬಿಗೆ ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಬದುವಿನ ಮೇಲೆ ಹೊರಟಳು. “ಹುಲ್ಲುಲ್ಲಿಗೋ!”

ನಾನು ಓಗೊಟ್ಟೆ. ಮೊದಲ ಮೂಲೆ ತಿರುಗುವಾಗ ನನ್ನ ಕಣ್ಣು ಮೋರಿಯನ್ನು ಹುಡುಕಿತು. ಮೋರಿ ಪಟ್ಟಿಗೆ ಹತ್ತಿಕೊಂಡೇ ಇರಬೇಕಿತ್ತು. ಅದು ಇದ್ದದ್ದು ವಾಯವ್ಯಕ್ಕೆ, ಕೂಗಳತೆಯ ದೂರದಲ್ಲಿ, ಎತ್ತರದ ಕಾಂಪೌಂಡ್ ಗೋಡೆಯ ಬುಡದಲ್ಲಿ.

ಏನಾಗಿದೆ ಎಂದು ಕೂಡಲೇ ಗೊತ್ತಾಯಿತು. ಭೂಮಿ ಸರಿಯಾದ ಚೆಂಡಲ್ಲ. ಅಳೆಯುವವರು ಅದಕ್ಕೊಂದು ಆಕಾರವನ್ನು ಅಂದುಕೊಂಡು ಅದರ ಮೇಲೆ ಅಕ್ಷಾಂಶ ರೇಖಾಂಶ ಎಳೆಯುತ್ತಾರೆ. ನಮ್ಮ ದೇಶದ ಹಳೆಯ ನಕ್ಷೆಗಳು ಒಂದು ಆಕಾರವನ್ನು ನಂಬಿದ್ದವು, ಮೊಬೈಲಿನೊಳಗಿನದು ಇನ್ನೊಂದನ್ನು ನಂಬುತ್ತದೆ. ಅದರಿಂದಾಗಿ ಅದೇ ಅಂಕಿ ಎರಡು ಬೇರೆ ಜಾಗಗಳನ್ನು ತೋರಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳಬೇಕು. ಇದು ನಾನು ವಿಭಾಗದ ಹೊಸ ವಿದ್ಯಾರ್ಥಿಗಳಿಗೆ ಮೊದಲನೆಯ ವಾರ ಕಲಿಸುವ ಪಾಠ. ಮನೆಯಲ್ಲಿ, ಅವ್ವ ಹೆಗಲ ಮೇಲೆ ಉಸಿರು ಬಿಡುತ್ತಿರುವಾಗ, ಅದನ್ನು ಮಾಡಿರಲಿಲ್ಲ.

“ಹುಲ್ಲುಲ್ಲಿಗೋ!” ಅವ್ವ ಮುಂದೆ ಹೋಗಿಬಿಟ್ಟಿದ್ದಳು. ನನ್ನ ದನಿ ಬರದಿದ್ದಕ್ಕೆ ತಿರುಗಿ ನೋಡದೆಯೇ ಬೈದಳು: “ಬಾಯಾಗ ಏನ ಇಟ್ಕೊಂಡಿ?”

ಚರಗವನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ಓಗೊಡುತ್ತ, ನೀರು ಚಿಮುಕಿಸುತ್ತ ಹಿಂದೆ ನಡೆದೆ. ಹೇಳಬೇಕೋ ಬೇಡವೋ. ಹೇಳದಿದ್ದರೆ ಅವಳು ಹೊಟ್ಟೆತುಂಬಿದವಳಂತೆ ಮನೆಗೆ ಬರುತ್ತಾಳೆ. ಆದರೆ ಅವಳು ಕೇಳಿದ್ದು ಆ ಹೊಲವನ್ನು. ನೆಮ್ಮದಿಯನ್ನು ಕೇಳಿರಲಿಲ್ಲ.

ಸುತ್ತು ಮುಗಿಯುವ ಹೊತ್ತಿಗೆ ಹೊಲದ ಒಡತಿ ಕುಡುಗೋಲು ಹಿಡಿದು ಬಂದಳು. “ಕಾಯ ಟಾಕತಾಯ ಮಾವಶೀ, ಮಾಝ್ಯಾ ಕಾಂದ್ಯಾತ?” ನನ್ನ ಈರುಳ್ಳಿಯಲ್ಲಿ ಏನು ಎಸೆಯುತ್ತಿದ್ದೀ ಎಂದು ಅವಳ ಪ್ರಶ್ನೆ. ಅವ್ವ ತನ್ನ ಮರಾಠಿಯಲ್ಲಿ ವಿಷಯ ಹೇಳಿ, ಬೇರೆಯಾಗಿ ಇಟ್ಟುಕೊಂಡಿದ್ದ ಒಂದು ಕಡುಬನ್ನು ಅವಳ ಕೈಗಿಟ್ಟಳು. ಆ ಹೆಂಗಸು ಮುರಿದು ಬಾಯಿಗೆ ಹಾಕಿಕೊಂಡು, ಇದು ತನ್ನ ಮಾವನ ಕಾಲದಿಂದಲೂ ತಮ್ಮದೇ ಹೊಲ, ಇಲ್ಲಿ ಶೆಡ್ಡುಗಳು ಇರಲೇ ಇಲ್ಲ, ಶೆಡ್ಡುಗಳಿದ್ದದ್ದು ಆ ಗೋಡೆಯ ಕಡೆ ಎಂದಳು.

ಅವ್ವ ನನ್ನ ಮುಖ ನೋಡಿದಳು.

“ಹೌದು ಅವ್ವ. ನನ್ನ ಲೆಕ್ಕ ತಪ್ಪೇತಿ. ಈಗ ನಡುವ ತಿಳೀತು.”

“ಅಂದ್ರ ನಾ ಮಂದಿ ಹೊಲಕ್ಕ ಉಣಿಸಿದೆ?” ಅವಳು ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಈರುಳ್ಳಿಯ ಮೇಲೆ ಬಿದ್ದಿದ್ದ ಚರಗವನ್ನು ನೋಡಿದಳು. “ಇರಲಿ. ಇದೂ ನೆಲಾನ. ನಡಿ, ಅಲ್ಲಿಗ ಕರ್ಕೊಂಡ ನಡಿ.”

“ಗೋಡಿ ಅದ ಬೇ ಅಲ್ಲಿ.”

“ಗೋಡಿ ನೋಡ್ತೀನಿ.”

ಕಾಲೆಳೆಯುತ್ತ, ನನ್ನ ಭುಜ ಹಿಡಿದು ನಡೆದಳು. ಗೋಡೆಯ ಒಳಗೆ ಸರಕು ಇಳಿಸುವ ಯಾರ್ಡು. ಗೇಟಿನ ಸರಳುಗಳ ನಡುವೆ ಕಾಂಕ್ರೀಟು ಕಂಡಿತು, ವ್ಯಾಗನ್ನುಗಳು, ಸಿಮೆಂಟಿನ ಚೀಲಗಳ ಅಟ್ಟಿ. ಮೊಬೈಲಿನಲ್ಲಿ ಅಂಕಿಗಳನ್ನು ಈ ಸಲ ಸರಿಯಾಗಿ ಬದಲಿಸಿದೆ. ಪಟ್ಟಿ ಬಿದ್ದದ್ದು ಆ ಚೀಲಗಳ ಕೆಳಗೆ.

“ಅಕಾ ನೋಡು, ಆ ಚೀಲದ ಅಟ್ಟಿ ಅದಲ್ಲ, ಅಲ್ಲಿ,” ಎಂದೆ.

ಅವ್ವ ಅತ್ತ ನೋಡಿ ಬುಟ್ಟಿಯೊಳಗೆ ಕೈ ಹಾಕಿದಳು. ಬುಟ್ಟಿಯ ತಳದಲ್ಲಿ ಒಂದು ಹಿಡಿ ಉಳಿದಿತ್ತು. ಚೆಲ್ಲುತ್ತಾಳೆಂದು ನಾನು ತಂಬಿಗೆ ಎತ್ತಿದೆ. ಅವಳು ತಲೆಯಾಡಿಸಿದಳು. “ಸಿಮಿಟಿಗೆ ಯಾಕ? ಅದೇನ ತಿಂತದ?” ಸೆರಗಿನಿಂದ ಬುಟ್ಟಿ ಮುಚ್ಚಿದಳು. ಆಮೇಲೆ, “ನಿಮ್ಮಪ್ಪ ಇಲ್ಲೇ ನಿಂದ್ರತಿದ್ದ,” ಎಂದಳು. “ನನಕಿಂತ ದೊಡ್ಡ ದನಿ ತೆಗೀತಿದ್ದ. ಗಾಡಿ ಮಂದಿ ಕಿಡಕ್ಯಾಗಿಂದ ಬಗ್ಗಿ ನೋಡೋರು. ನನಗ ಭಾಳ ನಾಚಿಕಿ.”

ಅಪ್ಪನ ದನಿ ನನಗೆ ಕಾರ್ಖಾನೆಯಿಂದ ಬಂದು ಸುಸ್ತಾಗಿ ಮಲಗುವ ಮನುಷ್ಯನದಾಗಿ ಮಾತ್ರ ಗೊತ್ತು. ಗಾಡಿಯವರು ಬಗ್ಗಿ ನೋಡುವಷ್ಟು ಕೂಗುತ್ತಿದ್ದ ಆ ಗಂಡಸನ್ನು ನಾನು ನೋಡಿಯೇ ಇಲ್ಲ. ಅವನು ಇಲ್ಲಿಯೇ ಉಳಿದುಬಿಟ್ಟಿದ್ದನೇನೋ. ಆ ದನಿಯನ್ನು ಒಂದೇ ಒಂದು ಸಲ ಕೇಳಬೇಕು ಅನ್ನಿಸಿತು. ನಿಲುಕುವಂಥದ್ದಲ್ಲ ಎಂದು ಗೊತ್ತಿದ್ದೂ ಸರಳುಗಳಿಗೆ ಇನ್ನಷ್ಟು ಹತ್ತಿರ ಹೋಗಿ ನಿಂತೆ.

ಗೇಟಿನ ಕಾವಲುಗಾರ ಕುರ್ಚಿಯಿಂದ ಎದ್ದು ಬಂದ. ನಡುವಯಸ್ಸಿನವನು, ಕೈಯಲ್ಲಿ ಚಹಾದ ಲೋಟ. “ಕಾಯ ಝಾಲಂ ಮಾವಶೀ? ಕೋಣ ಪಾಹಿಜೆ?” ಏನಾಯಿತು, ಯಾರು ಬೇಕು ಎಂದು ಕೇಳಿದ.

“ಆಮಚಂ ಶೇತ ಹೋತಂ ಹಿಥಂ,” ಎಂದಳು ಅವ್ವ. ಇಲ್ಲಿ ನಮ್ಮ ಹೊಲ ಇತ್ತು.

ಅವನು ನಗಬಹುದಿತ್ತು. ಹಿಂದಿರುಗಿ ವ್ಯಾಗನ್ನುಗಳನ್ನು ನೋಡಿದ, ಮತ್ತೆ ಅವ್ವನನ್ನು ನೋಡಿದ. “ಹೋ ಕಾ?” ಎಂದ, ಹೌದಾ ಎನ್ನುವಂತೆ. ಆಮೇಲೆ ನಿಜವಾಗಿಯೂ ತಿಳಿದುಕೊಳ್ಳಬೇಕಾದವನಂತೆ ಕೇಳಿದ: “ಕುಠಪರ್ಯಂತ?”

ಎಲ್ಲಿಯ ತನಕ. ಇಷ್ಟು ವರ್ಷ ನಾನು ಊರೂರಿಗೆ ಹೋಗಿ ಜನರನ್ನು ಕೇಳುವ ಪ್ರಶ್ನೆ ಅದೇ. ಅವ್ವನನ್ನು ನಾನೂ ಕೇಳಿದ್ದೆ, ಅವಳು ತೋರಿಸಿದೊಡನೆ ಇಷ್ಟು ದೊಡ್ಡದಿತ್ತೇನು ಎಂದು ತಕರಾರು ತೆಗೆದಿದ್ದೆ. ಈಗ ಬುಟ್ಟಿಯನ್ನು ಅವಳ ಕೈಯಿಂದ ಇಸಿದುಕೊಂಡೆ.

ಅವ್ವ ಸರಳುಗಳ ನಡುವಿನಿಂದ ಕೈ ಒಳಗೆ ಚಾಚಿದಳು. ಮೋರಿಯ ಕಡೆಯಿಂದ ಶುರುಮಾಡಿ, ಸಿಮೆಂಟಿನ ಅಟ್ಟಿಯನ್ನು ದಾಟಿಸಿ, ವ್ಯಾಗನ್ನುಗಳ ಸಾಲಿನ ಮೇಲೆ ಹಾಯಿಸಿ, ಆಚೆಯ ಗೋಡೆಯನ್ನೂ ಲೆಕ್ಕಿಸದೆ ಕೈ ಸರಿಯಿತು. ಕಾವಲುಗಾರ ಅದರ ಜೊತೆಗೇ ಕತ್ತು ತಿರುಗಿಸುತ್ತ ಹೋದ. ಕೈ ಎಲ್ಲಿಯೂ ನಿಲ್ಲಲಿಲ್ಲ. ಕೊನೆಗೆ ರಟ್ಟೆ ನೋವು ಬಂದು ಅವ್ವ ಅದನ್ನು ಇಳಿಸಿದಳು.