ಮೀನುಬುಟ್ಟಿ ಬಿಡಿಸಿದ ಬಾಕ್ಸಿಂಗ್ ಜಗಳ

ನೂರು ಕೆಜಿಯ ನನ್ನ ಗೆಳೆಯ ಸುರೇಶ ಎಷ್ಟು ತಿಣುಕಿದರೂ ಮಂಜುಗಡ್ಡೆ ತುಂಬಿದ ಆ ಮೀನುಬುಟ್ಟಿ ಅವನ ಮೊಣಕಾಲಿನಿಂದ ಮೇಲೇರಲಿಲ್ಲ. ಅಲ್ಲಿಯವರೆಗೂ ಗಂಗೊಳ್ಳಿ ಬಸ್‌ಸ್ಟಾಪಿನಲ್ಲಿ ನಮ್ಮಿಬ್ಬರದು ಒಂದೇ ಜಗಳ: ಬಾಕ್ಸಿಂಗ್ ಇತಿಹಾಸದಲ್ಲಿ ಯಾರ ಹೆಸರು ದೊಡ್ಡದು? ಅವನಿಗೆ ಹೆವಿವೇಟ್ ಚಾಂಪಿಯನ್ನರೇ ದೇವರು. ನನಗೆ ಐವತ್ತು ಕೆಜಿಯ ಫ್ಲೈವೇಟ್ ಚಾಂಪಿಯನ್ನರು. ಮೀನು ಮಾರುವ ಗಿರಿಜಕ್ಕ ಬಸ್ ಬಂತೆಂದು ಬುಟ್ಟಿ ಎತ್ತಲು ಕೈಜೋಡಿಸುವಂತೆ ಕೇಳಿದ್ದೇ ತಡ, ಹೆವಿವೇಟ್ ಪರವಾಗಿ ಇವನೇ ನುಗ್ಗಿದ್ದ.

“ಆಚಿಗ್ ನಿಲ್ಲಿ ಕಾಂಬ” ಎಂದವರೇ, ಅವನ ಎದೆಮಟ್ಟಕ್ಕೂ ಬಾರದ ಗಿರಿಜಕ್ಕ ಒಂದೇ ಏಟಿಗೆ ಬುಟ್ಟಿಯನ್ನು ತಲೆಗೇರಿಸಿದರು. ಸುರೇಶ ರೆಫರಿಯಂತೆ ಅವರ ಕೈ ಮೇಲೆತ್ತಿ, “ಗೆದ್ದದ್ ಫ್ಲೈವೇಟ್!” ಎಂದು ಕೂಗಿದ.

“ಕೈ ಬಿಡಿ ಮರ್ರೆ, ಬಸ್ ಹೋತ್ತ್!”

ಈಗ ಹೆವಿವೇಟ್ ಎಂದು ಯಾರಾದರೂ ಬಾಯಿ ತೆರೆದರೆ ಸುರೇಶ ಸೊಂಟ ಹಿಡಿದುಕೊಳ್ಳುತ್ತಾನೆ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತೇನೆ.