ಹಾಲುಹಲ್ಲು ಯಾವ ಮನೆಯದು

ಗಂಡನಿಂದ ಬೇರೆಯಾಗಿ, ಮಗಳನ್ನು ಕರೆದುಕೊಂಡು ಕೆನಡಾದಿಂದ ಬಸವೇಶ್ವರನಗರದ ತವರಿಗೆ ಬಂದಿದ್ದೆ. ಮಗು ಯಾರ ಬಳಿ ಇರಬೇಕೆಂಬುದನ್ನು ಕೆನಡಾದ ಕೋರ್ಟೇ ತೀರ್ಮಾನಿಸಲಿ ಎಂದು ಅವನ ಹಟ.

“ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇರತ್ತೋ ಆ ಊರಿನ ಕೋರ್ಟಿಗೇ ಅಧಿಕಾರ, ಮೇಡಂ. ನಿಮ್ಮ ಮಗು ವಾಸ ಎಲ್ಲಿ?” ಎಂದು ಕೇಳಿದರು ನನ್ನ ವಕೀಲರು.

“ಇಲ್ಲೇ, ನನ್ನ ಜೊತೆ. ಅದರಲ್ಲಿ ಕೇಳೋದೇನಿದೆ ಸಾರ್?” ಎಂದು ರೇಗಿದೆ.

ಮನೆಗೆ ಬಂದರೆ ಮಗಳ ಹಾಲುಹಲ್ಲು ಬಿದ್ದಿತ್ತು. ಅಮ್ಮ ಪಕ್ಕದ ಬೀದಿಯಿಂದ ಸಗಣಿ ತಂದು ಉಂಡೆ ಮಾಡಿಕೊಂಡು ಕಾಯುತ್ತಿದ್ದಳು.

“ಕೊಡು ಪುಟ್ಟಿ, ಇದರೊಳಗಿಟ್ಟು ಮನೆ ಮೇಲೆ ಎಸೆಯೋಣ. ಹೊಸ ಹಲ್ಲು ಬೇಗ ಬರತ್ತೆ.”

ಮಗಳು ಮುಷ್ಟಿ ಬಿಚ್ಚಲಿಲ್ಲ. “ಬೇಡ ಅಜ್ಜಿ. ಕೆನಡಾಗೆ, ನಮ್ಮನೆಗೆ ಹೋದ್ಮೇಲೆ ನನ್ನ ದಿಂಬಿನ ಕೆಳಗೆ ಇಡ್ತೀನಿ. ರಾತ್ರಿ ಟೂತ್ ಫೇರಿ ಬಂದು ಹಲ್ಲು ತಗೊಂಡು ಕಾಸಿಟ್ಟು ಹೋಗ್ತಾಳೆ.”

ಅಮ್ಮ ನನ್ನ ಮುಖ ನೋಡಿದಳು. ನಾನು ಸಗಣಿಯುಂಡೆಯನ್ನು ತುಳಸಿಯ ಬುಡಕ್ಕೆ ಹಾಕಿ ಕೈ ತೊಳೆದುಕೊಂಡೆ.